ಮುಖವಿಲ್ಲದ ನಾಣ್ಯ

ನಮ್ಮ ಹಳೆಯ ಮನೆಗಳ ಲಕ್ಷ್ಮೀಪೂಜೆಯ ತಟ್ಟೆಯಲ್ಲಿ ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯಿ ಒಂದಾದರೂ ಸಿಗುತ್ತದೆ. ಒಂದು ಕಾಲದಲ್ಲಿ ಇದೇ ರೂಪಾಯಿ ಹಿಮಾಲಯ ದಾಟಿ ಟಿಬೆಟ್ಟಿನಲ್ಲೂ ಚಲಾವಣೆಯಲ್ಲಿತ್ತು. ಅದನ್ನು ಹಿಂದಟ್ಟಲೆಂದೇ ಚೀನಾದ ಸಿಚುವಾನ್ ಪ್ರಾಂತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಂಥದೇ ರೂಪಾಯಿ ಅಚ್ಚುಹಾಕಿಸಿ, ರಾಣಿಯ ಜಾಗದಲ್ಲಿ ತನ್ನ ಚಕ್ರವರ್ತಿಯನ್ನು ಕೂರಿಸಿತು. ಮುಖಕ್ಕೆ ಎದುರು ಮುಖ!

ಇವೆರಡರ ಪಕ್ಕದಲ್ಲಿ ಲಾಸಾದ ಗಾದೆನ್ ಟಂಕವನ್ನು ಇಟ್ಟು ನೋಡಬೇಕು. ಐದು ಗ್ರಾಂ ಆಸುಪಾಸಿನ ತೆಳ್ಳನೆಯ ಬೆಳ್ಳಿ ಬಿಲ್ಲೆ, ಮುಖ ಯಾರದೂ ಇಲ್ಲ. ನನಗದು ಹಿಡಿಸಿದ್ದೇ ಅದಕ್ಕೆ. ನಡುವೆ ಕಮಲ, ಸುತ್ತ ಅಷ್ಟಮಂಗಲ: ಛತ್ರ, ಜೋಡಿಮೀನು, ನಿಧಿಕುಂಭ, ಮತ್ತೊಂದು ಕಮಲ, ಬಲಮುರಿ ಶಂಖ, ತುದಿಮೊದಲಿಲ್ಲದ ಗಂಟು, ವಿಜಯಧ್ವಜ, ಧರ್ಮಚಕ್ರ. ಆ ಮೀನುಗಳೆಂದರೆ ಸಂಸಾರಸಾಗರದಲ್ಲಿ ಮುಳುಗುವ ಭಯವಿಲ್ಲದೆ ಈಜುವ ಜೀವಗಳು. ಗಂಟಿನಲ್ಲಿ ಪ್ರಜ್ಞೆ, ಕರುಣೆ ಎರಡೂ ಬಿಡಿಸಲಾಗದಂತೆ ಹೆಣೆದುಕೊಂಡಿವೆ. ಒಂದೊಂದು ಚಿಹ್ನೆಯನ್ನೂ ಉಗುರಿನಷ್ಟೂ ಇಲ್ಲದ ಜಾಗದಲ್ಲಿ ಕೊರೆದ ಅಚ್ಚುಗಾರನ ಕೈಗೆ ನಮಸ್ಕಾರ. ಹಿಂಬದಿಯಲ್ಲಿ, ಗಾದೆನ್ ಅರಮನೆ ಎಲ್ಲ ದಿಕ್ಕುಗಳಲ್ಲೂ ವಿಜಯಿ ಎಂಬ ಎಂಟು ಅಕ್ಷರಗಳ ಬರಹ. ಗಾದೆನ್ ಅಂದರೆ ಮುಂದೆ ಬರಲಿರುವ ಬುದ್ಧ ಮೈತ್ರೇಯ ಈಗ ನೆಲೆಸಿರುವ ತುಷಿತ ಲೋಕ.

ಸ್ವಂತ ನಾಣ್ಯಕ್ಕೆ ಟಿಬೆಟ್ ಪಟ್ಟ ಪಾಡು ಸಣ್ಣದಲ್ಲ. ಹದಿನೇಳನೆಯ ಶತಮಾನದಿಂದ ಅವರ ಬೆಳ್ಳಿ ಕಠ್ಮಂಡು ಕಣಿವೆಯ ಮಲ್ಲ ಅರಸರ ಟಂಕಸಾಲೆಗೆ ಹೋಗಿ ನಾಣ್ಯವಾಗಿ ಬರುತ್ತಿತ್ತು. ಬರಬರುತ್ತ ಬೆಳ್ಳಿಗೆ ತಾಮ್ರ ಬೆರೆಯಿತು. ಕಣಿವೆಯನ್ನು ಗೆದ್ದ ಗೂರ್ಖರು ಆ ಕಲಬೆರಕೆ ನಾಣ್ಯದ ಬೆಲೆಯ ಬಗ್ಗೆ ಜಗಳ ತೆಗೆದರು. ಅದು ಯುದ್ಧದವರೆಗೂ ಹೋಗಿ, 1791ರಲ್ಲಿ ಟಿಬೆಟ್ಟಿನ ಶಿಗಾತ್ಸೆಯ ತಾಷಿಲುನ್ಪೊ ಮಠ ಲೂಟಿಯಾಯಿತು. ಅದೇ ವರ್ಷದ ಗುರುತು ಹೊತ್ತ ಟಿಬೆಟ್ಟಿನದೇ ಟಂಕವೂ ಇದೆ. ಅದರ ಮೇಲಿರುವುದು '13–45', ಅಂದರೆ ಹದಿಮೂರನೆಯ ಚಕ್ರದ ನಲವತ್ತೈದನೆಯ ವರ್ಷ. ಅರವತ್ತು ವರ್ಷದ ಈ ಚಕ್ರ ನಮ್ಮ ಪಂಚಾಂಗದ್ದೇ; ನಮಗೆ 1987ರಲ್ಲಿ ಪ್ರಭವ ಬಂದಾಗ ಅವರಿಗೂ ಹದಿನೇಳನೆಯ ಚಕ್ರ ಶುರುವಾಯಿತು. ಆ ಲೆಕ್ಕದಲ್ಲಿ 1791 ವಿರೋಧಿಕೃತ್ ಸಂವತ್ಸರ. ಮಠ ಸುಲಿಗೆಯಾದ ವರ್ಷಕ್ಕೆ ಎಂಥ ಹೆಸರು!

ಚಿಲ್ಲರೆ ಬೇಕಾದಾಗ ಟಂಕವನ್ನೇ ಕತ್ತರಿಸುತ್ತಿದ್ದರು: ಅರ್ಧ, ಮೂರರಲ್ಲೊಂದು, ಮೂರರಲ್ಲೆರಡು ಪಾಲು. ಪ್ರತಿ ತುಂಡಿಗೂ ಅದರದೇ ಹೆಸರಿತ್ತು. ಸಂಗ್ರಾಹಕರು ಇಡೀ ನಾಣ್ಯವನ್ನೇ ಮೆಚ್ಚುತ್ತಾರೆ. ನನಗೆ ಮಾತ್ರ ಈ ತುಂಡುಗಳ ಮೇಲೇ ಹೆಚ್ಚು ಪ್ರೀತಿ. ಅವು ಜನರ ದಿನದ ಖರ್ಚಿಗೆ ಒದಗಿದಂಥವು.

ನಾಣ್ಯದ ಬರಹದಲ್ಲಿರುವ ಗಾದೆನ್ ಅರಮನೆ ಎನ್ನುವುದು ಮೂಲದಲ್ಲಿ ಲಾಸಾ ಬಳಿಯ ದ್ರೆಪುಂಗ್ ಮಠದೊಳಗಿದ್ದ ದಲೈ ಲಾಮಾರ ನಿವಾಸ. ಆ ದ್ರೆಪುಂಗ್ ಮಠದ ಭಿಕ್ಷುಗಳು ದೇಶ ಬಿಟ್ಟು ಬಂದು ತಮ್ಮ ಮಠವನ್ನು ಮತ್ತೆ ಕಟ್ಟಿಕೊಂಡದ್ದು ನಮ್ಮ ಉತ್ತರ ಕನ್ನಡದ ಮುಂಡಗೋಡದಲ್ಲಿ. ಆ ಕಡೆ ಹೋದವರು ಫೋಟೊ ತೆಗೆದು ಹಿಂದಿರುಗುವ ಮೊದಲು ಬಾಗಿಲು, ಪರದೆ, ಗೋಡೆಗಳ ಮೇಲೆ ಈ ಎಂಟು ಮಂಗಳಚಿಹ್ನೆಗಳನ್ನು ಹುಡುಕಿ ನೋಡಿ. ಯಾವುದಾದರೂ ಗುರುತು ಸಿಗದಿದ್ದರೆ ಅಲ್ಲಿನ ಭಿಕ್ಷುಗಳನ್ನೇ ಕೇಳಿ.