ಮಧ್ಯಾಹ್ನದ ಊಟ, ಒಂದು ಕೋಳಿನಿದ್ದೆ, ಆಮೇಲೆ ಮಿಕ್ಕಿ ಮೌಸ್

ಊರಿಂದ ಅಪ್ಪ ಅಮ್ಮ ಬಂದರು ಅಂದ್ರೆ ಅಮೆರಿಕದಲ್ಲಿರೋ ನಮ್ಮಂಥವರ ಮನೆಯಲ್ಲಿ ಒಂದು ಪಟ್ಟಿ ತಾನಾಗೇ ತಯಾರಾಗುತ್ತೆ. ನಯಾಗರ, ನ್ಯೂಯಾರ್ಕಿನ ಲಿಬರ್ಟಿ ಪ್ರತಿಮೆ, ವಾಷಿಂಗ್‌ಟನ್ನಿನ ಬಿಳಿ ಮನೆ. ಅಟ್ಲಾಂಟಾ ಕಡೆ ಇರೋ ನಮಗೆ ಇನ್ನೊಂದು ಹೆಚ್ಚಿಗೆ, ಫ್ಲಾರಿಡಾದ ಒರ್ಲ್ಯಾಂಡೋ. ಕಾರಿನಲ್ಲಿ ಏಳು ಗಂಟೆ ದಾರಿ, ಮೊಮ್ಮಕ್ಕಳಿಗೂ ಖುಷಿ, ತಾತ ಅಜ್ಜಿಗೂ ಒಂದು ಊರು ನೋಡಿದ ಹಾಗೆ.

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ಅತ್ತೆ ಮಾವ ಬಂದಿದ್ದಾರೆ, ಡಿಸ್ನಿ ವರ್ಲ್ಡ್‌ಗೆ ಹೊರಟಿದ್ದಾರೆ. "ಒಳಗಿನ ಹೋಟೆಲ್ ಬೇಡ ಅಂತ ಹೊರಗೆ ಒಂದು ಮನೆ ಬಾಡಿಗೆಗೆ ತಗೊಂಡಿದೀವಿ ಮಾರಾಯಾ. ಮಧ್ಯಾಹ್ನ ವಾಪಸ್ ಬಂದು ರೆಸ್ಟ್ ಮಾಡಿ ಮತ್ತೆ ಹೋಗಿ ಅಂತ ಎಲ್ಲಾ ಕಡೆ ಬರೀತಾರಲ್ಲ, ಹೊರಗೆ ಉಳ್ಕೊಂಡೋರಿಗೆ ಅದು ಆಗೋ ಮಾತಾ?" ಅಂತ ಕೇಳಿದ. ಆಗುತ್ತೆ ಅಂತ ಹೇಳಿ ಫೋನ್ ಇಟ್ಟೆ. ಆದ್ರೆ ಉತ್ತರ ಅಷ್ಟು ಚಿಕ್ಕದಲ್ಲ, ಅದಕ್ಕೇ ಈ ಬರಹ.

ನಾವು ಹೋಗಿದ್ದು 2019ರ ಜುಲೈನಲ್ಲಿ. ಅಪ್ಪ, ಅಮ್ಮ, ನಾನು, ನನ್ನಾಕೆ, ಏಳು ವರ್ಷದ ಮಗಳು, ನಾಲ್ಕು ವರ್ಷದ ಮಗ. ನಾವೂ ಹೊರಗೇ ಉಳಿದಿದ್ದು, ಕಿಸಿಮ್ಮೀಯಲ್ಲಿ, 192ನೇ ಹೆದ್ದಾರಿಯ ಪಕ್ಕದ ಒಂದು ಬಾಡಿಗೆ ಮನೆಯಲ್ಲಿ. ದುಡ್ಡು ಉಳಿಯುತ್ತೆ ಅನ್ನೋದು ಒಂದು ಕಾರಣ, ಸುಳ್ಳು ಯಾಕೆ ಹೇಳಲಿ. ಆದ್ರೆ ದೊಡ್ಡ ಕಾರಣ ಅಡುಗೆಮನೆ. ಅಪ್ಪಂಗೆ ಸಕ್ಕರೆ ಕಾಯಿಲೆ, ಮೂರು ಹೊತ್ತೂ ಊಟಕ್ಕೆ ಮುಂಚೆ ಇನ್ಸುಲಿನ್. ಅಮ್ಮ ಮೊಟ್ಟೆ ಕೂಡ ಮುಟ್ಟೋಲ್ಲ. ಇಬ್ಬರಿಗೂ ಮಧ್ಯಾಹ್ನ ಒಂದು ಗಂಟೆಗೆ ಅನ್ನ ಬೇಕು. ಕುಕ್ಕರ್, ಅಕ್ಕಿ, ಸಾರಿನ ಪುಡಿ, ಮೆಂತ್ಯದ ಹಿಟ್ಟು, ಉಪ್ಪಿನಕಾಯಿ ಎಲ್ಲಾ ಅಟ್ಲಾಂಟಾದಿಂದಲೇ ಕಾರಿನ ಹಿಂದೆ ಕೂತು ಬಂದವು.

ಈಗ ಸ್ವಲ್ಪ ಇತಿಹಾಸ. ಕ್ಯಾಲಿಫೋರ್ನಿಯಾದ ಅನಹೈಮ್‌ನಲ್ಲಿ ಇರೋದು ಮೊದಲ ಡಿಸ್ನಿಲ್ಯಾಂಡ್, 1955ರದು. ಕಿತ್ತಳೆ ತೋಟ ಇದ್ದ ಸುಮಾರು 160 ಎಕರೆ ಜಾಗ. ಸುತ್ತಲಿನ ಜಮೀನು ಕೊಳ್ಳೋಕೆ ವಾಲ್ಟ್ ಡಿಸ್ನಿ ಹತ್ತಿರ ಆಗ ದುಡ್ಡಿರಲಿಲ್ಲ. ಪಾರ್ಕ್ ಶುರುವಾಗಿದ್ದೇ ತಡ, ಅದರ ಬಾಗಿಲಿಗೆ ಅಂಟಿಕೊಂಡ ಹಾಗೆ ಯಾರ್ಯಾರದೋ ಮೋಟೆಲ್‌ಗಳು ಎದ್ದವು. ಧರ್ಮಸ್ಥಳದ ದಾರಿಯಲ್ಲಿ ಲಾಡ್ಜ್‌ಗಳು ಏಳುವ ಹಾಗೆ ಅನ್ಕೊಳ್ಳಿ. ಇವತ್ತಿಗೂ ಅಲ್ಲಿ ಹಾರ್ಬರ್ ಬುಲೆವಾರ್ಡ್ ಅನ್ನೋ ರಸ್ತೆ ದಾಟಿದರೆ ಹೊರಗಿನ ಹೋಟೆಲ್. ಐದು ಹತ್ತು ನಿಮಿಷದ ನಡಿಗೆ. ಅಲ್ಲಿ ಹೊರಗೆ ಉಳಿದವರಿಗೆ ಮಧ್ಯಾಹ್ನದ ನಿದ್ದೆ ಒಂದು ಸಮಸ್ಯೆಯೇ ಅಲ್ಲ.

ವಾಲ್ಟ್ ಡಿಸ್ನಿಗೆ ಮಾತ್ರ ಆ ಮೋಟೆಲ್‌ಗಳು ಕಣ್ಣಿಗೆ ಚುಚ್ಚುತ್ತಿದ್ದವಂತೆ. ಫ್ಲಾರಿಡಾದಲ್ಲಿ ಮತ್ತೆ ಹಾಗಾಗಬಾರದು ಅಂತ ಬೇರೆ ಬೇರೆ ಕಂಪನಿಗಳ ಹೆಸರಲ್ಲಿ ಗುಟ್ಟಾಗಿ 27 ಸಾವಿರ ಎಕರೆಗೂ ಹೆಚ್ಚು ಜಾಗ ಕೊಂಡು, 1965ರಲ್ಲಿ ವಿಷಯ ಹೊರಗೆ ಹಾಕಿದ. ಮರುವರ್ಷವೇ ತೀರಿಕೊಂಡ, ಅಲ್ಲಿನ ಮೊದಲ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್ ತೆರೆದಿದ್ದು 1971ರ ಅಕ್ಟೋಬರ್ 1ಕ್ಕೆ. ಅಂದ್ರೆ ಫ್ಲಾರಿಡಾದಲ್ಲಿ ನಮ್ಮ ಮನೆಗೂ ಪಾರ್ಕಿಗೂ ನಡುವೆ ಇರೋ ಮೈಲಿಗಟ್ಟಲೆ ಕಾಡು, ಕೆರೆ, ರಸ್ತೆ ಆಕಸ್ಮಿಕ ಅಲ್ಲ. ಬೇಕು ಅಂತಲೇ ಇಟ್ಟಿದ್ದು.

ಅದರಲ್ಲೂ ಮ್ಯಾಜಿಕ್ ಕಿಂಗ್‌ಡಮ್‌ನದು ಇನ್ನೂ ಒಂದು ಕೈ ಮೇಲು. ಕಾರು ನಿಲ್ಲಿಸಿದ ಕೂಡಲೇ ಪಾರ್ಕ್ ಸಿಗೋಲ್ಲ. ನಡುವೆ ಸೆವೆನ್ ಸೀಸ್ ಲಗೂನ್ ಅನ್ನೋ, ಅವರೇ ತೋಡಿಸಿದ ಕೆರೆ. ಪಾರ್ಕಿಂಗಿನಿಂದ ನಡೆದೋ ಟ್ರಾಮ್ ಹತ್ತಿಯೋ ದಡಕ್ಕೆ ಬರಬೇಕು, ಅಲ್ಲಿಂದ ಫೆರಿ ಅಥವಾ ಮೋನೋರೈಲ್. ವಾಪಸ್ ಬರೋವಾಗಲೂ ಅದೇ ಮೆರವಣಿಗೆ. ಕಾಂಟೆಂಪೊರರಿ ಹೋಟೆಲ್‌ನಲ್ಲಿ ಇಳಿದವರು ಹತ್ತು ನಿಮಿಷ ನಡೆದು ರೂಮು ಸೇರ್ತಾರೆ. ನಮಗೆ ಕೋಟೆಯ ಹತ್ತಿರದಿಂದ ಬಾಡಿಗೆ ಮನೆಯ ಸೋಫಾಕ್ಕೆ ಸರಿಯಾಗಿ ಒಂದು ಗಂಟೆ ಹಿಡೀತು. ಹೋಗೋಕೆ ಒಂದು, ಬರೋಕೆ ಒಂದು.

ಅಪ್ಪನ ಆಕ್ಷೇಪಣೆ ಶುರುವಾಗಿದ್ದೇ ಇಲ್ಲಿ. ಹೊರಡೋ ಹಿಂದಿನ ರಾತ್ರಿ ಊಟದ ಮೇಜಿನ ಮೇಲೆ ಲೆಕ್ಕ ಹಾಕಿದರು. ಆಗ ಡಾಲರಿಗೆ ಹತ್ತಿರ ಹತ್ತಿರ ಎಪ್ಪತ್ತು ರೂಪಾಯಿ. ಟಿಕೆಟ್ ತಲೆಗೆ ದಿನಕ್ಕೆ ನೂರು ಡಾಲರ್ ಮೇಲೆ. "ಏಳು ಸಾವಿರ ರೂಪಾಯಿ ಕೊಟ್ಟು ಒಳಗೆ ಹೋಗಿ, ಮಧ್ಯಾಹ್ನ ಹೊರಗೆ ಬಂದು ಮಲಗೋದಾ? ಮಲಗೋದಕ್ಕೆ ಹಾಸನ ಸಾಲ್ದಾ?" ಅಂದರು. ನನ್ನಾಕೆ ನಗು ತಡೆಯೋಕಾಗದೆ ಅಡುಗೆಮನೆಗೆ ಹೋದಳು.

ಅಪ್ಪ ಕೆ.ಎಸ್.ಆರ್.ಟಿ.ಸಿ.ಯಲ್ಲಿ ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಆಗಿ ರಿಟೈರ್ ಆದವರು. ಅವರಿಗೆ ಭಾಷಣ ಹಿಡಿಸೋಲ್ಲ, ಟೈಮ್ ಟೇಬಲ್ ಆದ್ರೆ ಅರ್ಥವಾಗುತ್ತೆ. ಒಂದು ಹಾಳೆ ತಗೊಂಡು ಬರೆದೆ. ಬೆಳಿಗ್ಗೆ 9ರಿಂದ 12, ಪಾರ್ಕ್. 12ರಿಂದ 1, ಪ್ರಯಾಣ. 1ರಿಂದ 4, ಊಟ, ನಿದ್ದೆ, ಕಾಫಿ. 4ರಿಂದ 5, ಪ್ರಯಾಣ. 5ರಿಂದ 10, ಪಾರ್ಕ್. ಒಳಗೆ ಒಟ್ಟು ಎಂಟು ಗಂಟೆ. ಬಿಟ್ಟುಕೊಡೋ ಐದು ಗಂಟೆ ಎಂಥದ್ದು ಅಂತಲೂ ಹೇಳಿದೆ. ಕ್ಯೂ ಅತಿ ಉದ್ದ ಇರೋ ಹೊತ್ತು, ನೆರಳಲ್ಲೇ 33 ಡಿಗ್ರಿ, ಮೈಯೆಲ್ಲ ಅಂಟು. ಜೊತೆಗೆ ಫ್ಲಾರಿಡಾದ ಮಳೆ. ಅಟ್ಲಾಂಟಿಕ್ ಕಡೆಯಿಂದ ಒಂದು ಕಡಲಗಾಳಿ, ಗಲ್ಫ್ ಕಡೆಯಿಂದ ಇನ್ನೊಂದು, ಎರಡೂ ಮಧ್ಯದಲ್ಲಿ ಡಿಕ್ಕಿ ಹೊಡೆದು ಬೇಸಿಗೆಯಲ್ಲಿ ಹೆಚ್ಚಿನ ಮಧ್ಯಾಹ್ನ ಗುಡುಗು ಸಿಡಿಲು. ಸಿಡಿಲು ಹತ್ತಿರ ಬಂದರೆ ಹೊರಗಿನ ಆಟಗಳನ್ನೆಲ್ಲ ನಿಲ್ಲಿಸ್ತಾರೆ. ಪಾರ್ಕಿಂಗಿಗೆ ಆಗ 25 ಡಾಲರ್ ಇತ್ತು, ಒಮ್ಮೆ ಕೊಟ್ಟರೆ ಇಡೀ ದಿನಕ್ಕೆ ಆಯ್ತು. ಅದೇ ಟಿಕೆಟ್‌ನಲ್ಲಿ ಅದೇ ದಿನ ಮತ್ತೆ ಒಳಗೆ ಬಿಡ್ತಾರೆ.

ಅಪ್ಪ ಹಾಳೆ ನೋಡಿದರು. "ಡ್ರೈವರಿಗೆ ರೆಸ್ಟ್ ಇದೆ ತಾನೇ ಇದರಲ್ಲಿ?" ಅಂದರು. ಡ್ರೈವರ್ ನಾನೇ. ಇದೆ ಅಂದೆ. ಸಹಿ ಒಂದು ಹಾಕಲಿಲ್ಲ ಅಷ್ಟೇ, ಒಪ್ಪಿಗೆ ಸಿಕ್ಕಿತು :-)

ಮೊದಲ ದಿನ ಹನ್ನೊಂದೂವರೆ ಹೊತ್ತಿಗೆ ಮಕ್ಕಳು ಆನೆಯ ಆಟಕ್ಕೆ ಕ್ಯೂ ನಿಂತಿದ್ದರು. ಅಮ್ಮ ಬೆಂಚಿನ ಮೇಲೆ ಕೂತು, ಯಾರಿಗೂ ಕಾಣದ ಹಾಗೆ ಸೀರೆಯ ಮೇಲಿನಿಂದಲೇ ಮಂಡಿ ನೀವಿಕೊಳ್ತಿದ್ದಳು. ಏನಮ್ಮಾ ಅಂದೆ. "ಏನಿಲ್ಲ ಕಣೋ, ನೀವೆಲ್ಲ ನೋಡ್ಕೊಂಡು ಬನ್ನಿ, ನಾನು ಇಲ್ಲೇ ಕೂತಿರ್ತೀನಿ. ಜನ ನೋಡೋದೇ ಚೆನ್ನಾಗಿದೆ." ಅಪ್ಪನದು ಇನ್ನೂ ಬಿಗಿ, ಅವರು ಕೂರಲೇ ಇಲ್ಲ. ಹನ್ನೆರಡಾಯ್ತು. ಅಪ್ಪನೇ ವಾಚ್ ನೋಡಿ "ಟೈಮಾಯ್ತು" ಅಂದರು. ಎಲ್ಲರೂ ಎದ್ದೆವು. ಯಾರಿಗೋಸ್ಕರ ಹೊರಟಿದ್ದು ಅನ್ನೋ ಮಾತೇ ಬರಲಿಲ್ಲ.

ಮನೆಗೆ ಬಂದು ತಿಳಿಸಾರು, ಅನ್ನ, ಮಜ್ಜಿಗೆ. ಇನ್ಸುಲಿನ್ ಫ್ರಿಜ್‌ನಲ್ಲಿ ತಣ್ಣಗಿತ್ತು, ಬಿಸಿಲಲ್ಲಿ ಬ್ಯಾಗಿನಲ್ಲಿಟ್ಟುಕೊಂಡು ಅಲೆಯೋ ಚಿಂತೆ ಇಲ್ಲ. ಮಗ ತುತ್ತು ಬಾಯಲ್ಲಿರುವಾಗಲೇ ತೂಕಡಿಸಿದ. ಅಪ್ಪ ಸೋಫಾದ ಮೇಲೆ ಪೇಪರ್ ಇಲ್ಲದೇನೇ ಗೊರಕೆ ಹೊಡೆದರು. ಮೂರು ಗಂಟೆಗೆ ಆಕಾಶ ಹರಿದುಕೊಂಡು ಬಿದ್ದ ಹಾಗೆ ಮಳೆ. ಅಮ್ಮ ಕಾಫಿ ಲೋಟ ಹಿಡ್ಕೊಂಡು ಕಿಟಕಿಯಲ್ಲಿ ನಿಂತು ನನ್ನಾಕೆಗೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೂ ಬಿತ್ತು. "ನಾನು ಬಾಯಿಬಿಟ್ಟು ಕೇಳೋ ಹಾಗೆ ಆಗಲಿಲ್ಲ ನೋಡು."

ಇಡೀ ಪ್ರವಾಸದಲ್ಲಿ ನನಗೆ ಸಿಕ್ಕ ಮುಖ್ಯ ವಿಷಯ ಇದೇ. ನಮ್ಮ ಹಿರಿಯರು ಸುಸ್ತಾಯ್ತು ಅಂತ ಹೇಳೋಲ್ಲ. ಮಗನ ದುಡ್ಡು, ಮೊಮ್ಮಕ್ಕಳ ಆಸೆ, ಇದರ ಮಧ್ಯೆ ತಾವು ಅಡ್ಡಿಯಾಗಬಾರದು ಅಂತ ಹಲ್ಲು ಕಚ್ಚಿ ನಡೀತಾರೆ. ನಾಲ್ಕು ವರ್ಷದ ಮಗುವೂ ಹೇಳೋಲ್ಲ, ಅದು ನೆಲದ ಮೇಲೆ ಬಿದ್ದು ಹೊರಳಾಡುತ್ತೆ. "ಸುಸ್ತಾದರೆ ಹೇಳಿ, ವಾಪಸ್ ಹೋಗೋಣ" ಅನ್ನೋದು ಸೌಜನ್ಯದ ಮಾತೇ, ಆದ್ರೆ ಸೋಲೊಪ್ಪಿಕೊಳ್ಳೋ ಕೆಲಸವನ್ನ ಅದು ಅವರ ತಲೆಗೇ ಕಟ್ಟುತ್ತೆ. ವಿರಾಮ ಹಾಳೆಯ ಮೇಲೆ ಮೊದಲೇ ಇದ್ದರೆ ಯಾರೂ ಕೇಳಬೇಕಾಗಿಲ್ಲ. ಹೊರಗೆ ಉಳಿದವರಿಗಂತೂ ಇದು ಹೆಚ್ಚು ಮುಖ್ಯ. ಸುಸ್ತಾದ ಮೇಲೆ ಹೊರಟರೆ ಆ ಒಂದು ಗಂಟೆ ದಾರಿಯೇ ಪ್ರಾಣ ತಿನ್ನುತ್ತೆ.

ಎಲ್ಲಾ ಪಾರ್ಕಿಗೂ ಒಂದೇ ಲೆಕ್ಕ ಅಲ್ಲ. ಎಪ್ಕಾಟ್‌ನಲ್ಲಿ ಕೆರೆ ದಾಟೋ ಗೋಜಿಲ್ಲ, ಗೇಟಿನ ಮುಂದೇ ಪಾರ್ಕಿಂಗ್. ಅರ್ಧ ಗಂಟೆಯಲ್ಲಿ ಮನೆ. ಅನಿಮಲ್ ಕಿಂಗ್‌ಡಮ್‌ಗೆ ನಾವು ಬೆಳಿಗ್ಗೆ ಬೇಗ ಹೋಗಿ, ಬಿಸಿಲೇರೋಕೆ ಮುಂಚೆ ಸಫಾರಿ ಮುಗಿಸಿ, ಒಂದು ಗಂಟೆಗೆ ಹೊರಬಿದ್ದು ಮತ್ತೆ ಹೋಗಲೇ ಇಲ್ಲ. ಹೊರಗೆ ಬರೋದು ಸಾಧ್ಯವೇ ಇಲ್ಲ ಅನ್ನೋರಿಗೆ ಒಳಗೇ ತಂಪಾಗಿ ಕೂರೋ ಜಾಗಗಳೂ ಇದ್ದವು. ಮ್ಯಾಜಿಕ್ ಕಿಂಗ್‌ಡಮ್‌ನ ಕರೋಸೆಲ್ ಆಫ್ ಪ್ರೋಗ್ರೆಸ್‌ನಲ್ಲಿ ಇಪ್ಪತ್ತು ನಿಮಿಷ, ಎಪ್ಕಾಟ್‌ನ ಅಮೆರಿಕನ್ ಅಡ್ವೆಂಚರ್‌ನಲ್ಲಿ ಅರ್ಧ ಗಂಟೆ. ಎ.ಸಿ., ಮೆತ್ತನೆ ಕತ್ತಲು. ಅಪ್ಪ ಎರಡನೆಯದರಲ್ಲಿ ಅಮೆರಿಕದ ಇತಿಹಾಸವನ್ನ ಅರ್ಧ ನೋಡಿ ಅರ್ಧ ನಿದ್ದೆ ಮಾಡಿದರು. ಆದ್ರೆ ಅಲ್ಲಿ ಕಾಲು ಚಾಚೋ ಹಾಗಿಲ್ಲ, ಮೊಸರನ್ನವೂ ಇಲ್ಲ.

ಮೊದಲ ದಿನ ಸಂಜೆ ಐದಕ್ಕೆ ಮತ್ತೆ ಒಳಗೆ ಹೋದಾಗ ನೆಲ ತೊಳೆದ ಹಾಗಿತ್ತು. ಬೆಳಗಿನಿಂದ ಅಲ್ಲೇ ಇದ್ದ ಜನರ ಮುಖ ಸೋತುಹೋಗಿತ್ತು, ಗಾಡಿಯಲ್ಲಿ ಕೂತ ಮಗುವೊಂದು ಸೂರು ಹಾರಿಹೋಗೋ ಹಾಗೆ ಅಳ್ತಿತ್ತು. "ಪಾಪ, ನಿದ್ದೆ ಬಂದಿದೆ ಅದಕ್ಕೆ" ಅಂದಳು ಅಮ್ಮ. ರಾತ್ರಿ ಕೋಟೆಯ ಮೇಲೆ ಪಟಾಕಿ ಹಾರಿದಾಗ ಅಪ್ಪ ಮೊಮ್ಮಗನನ್ನ ಹೆಗಲ ಮೇಲೆ ಕೂರಿಸ್ಕೊಂಡು ನಿಂತಿದ್ದರು. ಬೇಡ, ನಾನು ಎತ್ಕೋತೀನಿ ಅಂದರೂ ಕೊಡಲಿಲ್ಲ.

ಅಪ್ಪ ಅಮೆರಿಕಕ್ಕೆ ಬಂದಿದ್ದು ಅದೇ ಕೊನೆ. ಆಮೇಲೆ ಕೋವಿಡ್ ಬಂತು, ಈಗ ಹಾಸನದಿಂದ ಬೆಂಗಳೂರಿಗೆ ಬರೋಕೂ ಎರಡು ಸಲ ಯೋಚನೆ ಮಾಡ್ತಾರೆ. ಫೋನಿನಲ್ಲಿ ಡಿಸ್ನಿ ಮಾತು ಬಂದರೆ ಆಟಗಳ ಹೆಸರು ಒಂದೂ ನೆನಪಿಲ್ಲ. ಆ ಫೆರಿ ಮಾತ್ರ ಚೆನ್ನಾಗಿ ನೆನಪಿದೆ, ದಿನಕ್ಕೆ ನಾಲ್ಕು ಟ್ರಿಪ್ ಹೊಡೆದೆವಲ್ಲ ಅಂತ.

ಅಪ್ಪ ಅಮ್ಮನ್ನ ಕರ್ಕೊಂಡು ಹೊರಟಿದ್ದರೆ ಟಿಕೆಟ್ ಕೊಳ್ಳೋಕೆ ಮುಂಚೆ ಹಾಳೆ ಒಂದು ತಗೊಂಡು ಆ ಮೂರು ಗಂಟೆಯನ್ನ ಮೊದಲು ಬರೆದಿಡಿ. ಕುಕ್ಕರ್ ಮರೀಬೇಡಿ. ಹೋಗಿ ಬಂದವರಿದ್ದರೆ, ನಿಮ್ಮ ಮನೆಯಲ್ಲಿ ಈ ಲೆಕ್ಕ ಹೇಗೆ ನಡೀತು ಹೇಳಿ.