ಉಗ್ರಾಣದ ಬೀಗದ ಕೈ

ಒಬ್ಬರಿಗೆ ಕೆಲಸ ಒಪ್ಪಿಸಿ, ಆಮೇಲೆ ಅವರ ಬೆನ್ನ ಹಿಂದೆ ನಿಂತು ಇಣುಕುವ ಚಟ ಬಹಳ ಜನಕ್ಕಿದೆ. ನನಗೂ ಇದೆ. ಆಟೋದಲ್ಲಿ ಕೂತರೆ ಡ್ರೈವರಿಗಿಂತ ಮೊದಲು ನನ್ನ ಕಾಲೇ ಬ್ರೇಕು ಒತ್ತುತ್ತದೆ. ಸಾಫ್ಟ್‌ವೇರಿಗೂ ಈ ಚಟ ಅಂಟುತ್ತದೆಂದು ತಿಳಿದದ್ದು ವಾರ್ನಿಷ್‌ನ ಒಳಗನ್ನು ಓದುತ್ತ ಕೂತಾಗ.

ವಾರ್ನಿಷ್ ಎಂಬುದು 2006ರಲ್ಲಿ ನಾರ್ವೆಯ ವಿ.ಜಿ. ಪತ್ರಿಕೆಯ ಜಾಲತಾಣಕ್ಕಾಗಿ ಹುಟ್ಟಿದ ಕ್ಯಾಶೆ. ಒಮ್ಮೆ ತಯಾರಾದ ಪುಟವನ್ನು ಎತ್ತಿಟ್ಟುಕೊಂಡು ಕೇಳಿದವರಿಗೆಲ್ಲ ಅದನ್ನೇ ಬಡಿಸುವುದು ಅದರ ಕಸುಬು. ಅದನ್ನು ಕಟ್ಟಿದವರು ಡೆನ್ಮಾರ್ಕಿನ ಪೌಲ್-ಹೆನಿಂಗ್ ಕಾಂಪ್, ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನಲ್ಲಿ ಪಳಗಿದ ಕೈ. ಆಗ ಚಾಲ್ತಿಯಲ್ಲಿದ್ದ ಸ್ಕ್ವಿಡ್ ಎಂಬ ಕ್ಯಾಶೆಯ ಬಗ್ಗೆ ಅವರಿಗೊಂದು ತಕರಾರಿತ್ತು. ಯಾವುದು ಮೆಮರಿಯಲ್ಲಿರಬೇಕು, ಯಾವುದು ಡಿಸ್ಕಿಗೆ ಹೋಗಬೇಕು ಎಂದು ಸ್ಕ್ವಿಡ್ ತಾನೇ ಲೆಕ್ಕ ಹಾಕುತ್ತದೆ. ಕೆಳಗೆ ಕರ್ನಲ್ಲೂ ಅದೇ ಲೆಕ್ಕ ಹಾಕುತ್ತಿರುತ್ತದೆ. ಸ್ಕ್ವಿಡ್ ಡಿಸ್ಕಿಗೆ ಹಾಕಲು ಹೊರಟ ಪುಟವನ್ನು ಕರ್ನಲ್ ಆಗಲೇ ಡಿಸ್ಕಿಗೆ ಸಾಗಹಾಕಿದ್ದರೆ, ಅಲ್ಲಿಂದ ಅದನ್ನು ಮೆಮರಿಗೆ ತಂದು, ಮತ್ತೆ ಅಲ್ಲಿಗೇ ಹೊರಬೇಕು! ಎಲ್ಲವನ್ನೂ ವರ್ಚುವಲ್ ಮೆಮರಿಯಲ್ಲಿಟ್ಟು, ಜಾಗದ ಚಿಂತೆಯನ್ನು ಕರ್ನಲ್ಲಿಗೇ ಬಿಟ್ಟುಬಿಡುವುದು ಕಾಂಪ್ ಅವರ ದಾರಿ.

ತಮಾಷೆಯೆಂದರೆ, ಕರ್ನಲ್ಲಿಗೆ ಸಿಕ್ಕ ಈ ವಿಶ್ವಾಸ ಮನೆಯೊಳಗಿನ ಉಗ್ರಾಣಿಗೇ ಸಿಕ್ಕಿರಲಿಲ್ಲ. ಪುಟಗಳನ್ನು ಇಟ್ಟುಕೊಳ್ಳುವ ಭಾಗಕ್ಕೆ ವಾರ್ನಿಷ್‌ನಲ್ಲಿ ಸ್ಟೀವಡೋರ್ ಎಂದು ಹೆಸರು; ಹಡಗಿಗೆ ಸರಕು ಪೇರಿಸುವವನ ಹೆಸರು. ಹಳೆಯ ಇಂಟರ್‌ಫೇಸಿನಲ್ಲಿ ಅವನಿಗಿದ್ದ ಕೆಲಸ ಇಷ್ಟೇ: ಇಷ್ಟು ಬೈಟು ಜಾಗ ಕೊಡು, ಹೆಚ್ಚಾದದ್ದನ್ನು ಕತ್ತರಿಸಿಕೋ, ಮುಗಿದ ಮೇಲೆ ವಾಪಸು ತಗೋ. ಆ ಜಾಗದಲ್ಲಿ ಏನನ್ನು ಹೇಗೆ ಜೋಡಿಸಬೇಕೆಂಬುದು ಉಳಿದ ಕೋಡಿನ ಕಾರುಬಾರು. ಬೇಕಾದಾಗ ಅದು ನೇರ ಕೈಹಾಕಿ ತೆಗೆಯುತ್ತಿತ್ತು. ಮದುವೆಮನೆಯ ಉಗ್ರಾಣಕ್ಕೆ ಹಿರಿಯರೊಬ್ಬರನ್ನು ಕೂರಿಸಿ, ಬೀಗದ ಕೈಯನ್ನು ಅಡುಗೆಯವರಿಂದ ಹಿಡಿದು ಬೀಗರವರೆಗೆ ಎಲ್ಲರಿಗೂ ಹಂಚಿದ ಹಾಗೆ. ಆ ಹಿರಿಯರು ಬೆಲ್ಲದ ಪಿಂಡಿಯನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸುವಂತಿಲ್ಲ. ಸರಿಸಿದರೆ ಕತ್ತಲಲ್ಲಿ ಕೈಹಾಕಿದವರಿಗೆ ಸುಣ್ಣ ಸಿಕ್ಕೀತು. ಬೇರೆ ಬಗೆಯಲ್ಲಿ ಸರಕು ಜೋಡಿಸಬಲ್ಲ ಹೊಸ ಸ್ಟೀವಡೋರ್ ಬಂದರೂ, ಹಳೆಯವರ ಅಭ್ಯಾಸಕ್ಕೇ ತಲೆಬಾಗಬೇಕಿತ್ತು.

2014ರಲ್ಲಿ ಬಂದ ನಾಲ್ಕನೇ ಆವೃತ್ತಿಯ ಆಸುಪಾಸಿನಿಂದ ಈ ಏರ್ಪಾಡು ಹಂತಹಂತವಾಗಿ ಬದಲಾಯಿತು. ಹೊಸ ಇಂಟರ್‌ಫೇಸಿನಲ್ಲಿ ಮಾತು ಜಾಗದ್ದಲ್ಲ, ವಸ್ತುವಿನದು: ಬರುತ್ತಿರುವ ಪುಟಕ್ಕೆ ಎಡೆ ಮಾಡು, ಇಷ್ಟು ತುಂಬಿದೆಯೆಂದು ಗುರುತು ಹಾಕು, ಒಡಲನ್ನು ತುಂಡುತುಂಡಾಗಿ ನನ್ನ ಮುಂದೆ ತಂದಿಡು, ಅದರ ಹೆಡರುಗಳನ್ನು ಕೊಡು. ಎಲ್ಲಿಂದ, ಹೇಗೆ ಎಂದು ಕೇಳುವ ಹಾಗಿಲ್ಲ. ಮೆಮರಿ, ಫೈಲು ಎಂಬ ಸಾಧು ಸ್ಟೀವಡೋರ್‌ಗಳಿಗಾಗಿ ಸರಳ ಪದ್ಧತಿಯೊಂದನ್ನು ಒಂದೇ ಕಡೆ ಬರೆದಿಟ್ಟರು. ಬೇರೆ ಯೋಚನೆಯಿದ್ದವರು ತಮ್ಮದೇ ಪದ್ಧತಿ ತರಬಹುದು. ಇದೇನೂ ಪುಕ್ಕಟೆಯಲ್ಲ. ಮೊದಲು ನೇರವಾಗಿ ಓದುತ್ತಿದ್ದುದಕ್ಕೆ ಈಗ ಒಂದು ಫಂಕ್ಷನ್ನು ಕರೆಯಬೇಕು. ಮರ್ಯಾದೆಯೆಂದ ಮೇಲೆ ಅಷ್ಟಾದರೂ ಖರ್ಚು ಬೇಡವೆ?

ಕರ್ನಲ್ಲನ್ನು ನಂಬುವುದು ದೊಡ್ಡ ಸಂಗತಿಯೇನಲ್ಲ. ನಾವು ನಂಬದಿದ್ದರೂ ಅದು ತನಗೆ ಸರಿಕಂಡದ್ದನ್ನೇ ಮಾಡುತ್ತದೆ. ಆದರೆ ನಾವು ಹೇಳಿದಂತೆ ಕೇಳುವವರನ್ನು ನಂಬುವುದು ಕಷ್ಟ. ನಾವು ಬೀಗದ ಕೈ ಕೇಳಿದೊಡನೆ ಅವರು ಕೊಟ್ಟುಬಿಡುತ್ತಾರೆ. ಕೇಳದಿರುವುದನ್ನು ನಮ್ಮ ಒಳ್ಳೆಯತನಕ್ಕೆ ಬಿಡದೆ, ಕೇಳಲು ದಾರಿಯೇ ಇಲ್ಲದಂತೆ ವಾರ್ನಿಷ್‌ನವರು ಮಾಡಿದ್ದಾರಲ್ಲ, ಅದು ನನಗೆ ಹಿಡಿಸಿತು.