ಪಾಲು

ನಮ್ಮ ಕಡೆ ಜೇನು ಕುಟುಂಬ ಒಡೆದು ಎರಡಾದರೆ ‘ಜೇನು ಪಾಲಾಯಿತು’ ಅನ್ನುತ್ತಾರೆ. ಅಣ್ಣತಮ್ಮಂದಿರು ಬೇರೆಯಾದರೂ ಅದೇ ಮಾತು. ಎರಡನ್ನೂ ನಾನು ಒಂದೇ ಅಂಗಳದಲ್ಲಿ ನಿಂತು ನೋಡಿದವನು. ಮರ್ಯಾದೆಯಿಂದ ಪಾಲಾಗಿದ್ದು ಜೇನೇ.

ಶಿರಸಿ ಕಡೆಯ ನಮ್ಮ ಮನೆಯ ಹಿತ್ತಲಲ್ಲಿ ಅಜ್ಜನ ನಾಲ್ಕು ತುಡುವೆ ಪೆಟ್ಟಿಗೆಗಳಿದ್ದವು. ಇರುವೆ ಹತ್ತದಂತೆ ಅವುಗಳ ಕಾಲನ್ನು ನೀರಿನ ಗೆರಟೆಯಲ್ಲಿ ಇಟ್ಟಿದ್ದ. ಗೆರಟೆಗೆ ನೀರು ಹೊಯ್ಯುವುದು ನನ್ನ ಕೆಲಸ, ಕಚ್ಚಿಸಿಕೊಳ್ಳುವುದು ಸಂಬಳ. ತುಡುವೆಗೆ ಕತ್ತಲು ಬೇಕು: ಮರದ ಪೊಟರೆ, ಹಳೇ ಹುತ್ತ, ಕಲ್ಲಿನ ಸಂದು. ಹೆಜ್ಜೇನಿನ ಹಾಗೆ ಬಟಾಬಯಲಲ್ಲಿ ಒಂದೇ ದೊಡ್ಡ ಎರಿ ಇಳಿಬಿಟ್ಟು ಊರನ್ನೇ ಹೆದರಿಸುವ ಜಾತಿ ಅಲ್ಲ. ಒಳಗೆ ಎರಿಗಳನ್ನು ಸಾಲಾಗಿ, ನಡುವೆ ಓಡಾಡುವಷ್ಟು ಓಣಿ ಬಿಟ್ಟು ಕಟ್ಟಿಕೊಳ್ಳುತ್ತದೆ.

ಅಜ್ಜ ತೆಂಗಿನ ನಾರಿನ ಹೊಗೆ ಊದಿ ಒಂದು ಚೌಕಟ್ಟು ಎತ್ತಿ ಬಿಸಿಲಿಗೆ ಹಿಡಿಯುತ್ತಿದ್ದ. ಮೇಲಂಚಿನಲ್ಲಿ ಮೇಣದ ಮುಚ್ಚಳ ಹಾಕಿದ ತುಪ್ಪ, ಅದರ ಕೆಳಗೆ ಹಳದಿ ಪರಾಗ, ಮತ್ತೂ ಕೆಳಗೆ ಮರಿ. ಅಂದರೆ ಮೇಲೆ ಉಗ್ರಾಣ, ಕೆಳಗೆ ಬಾಣಂತಿ ಕೋಣೆ. ಆ ಕೋಣೆಯ ಬಿಸಿ ಸುಮಾರು 35 ಡಿಗ್ರಿ ದಾಟದಂತೆ ರೆಕ್ಕೆ ಬೀಸುವ ನೊಣಗಳೇ ಬೇರೆ. ಗುಡಿಸುವುದು, ಮರಿಗೆ ಉಣಿಸುವುದು, ಮೇಣ ಒಸರಿಸಿ ಗೂಡು ಕಟ್ಟುವುದು, ಬಾಗಿಲು ಕಾಯುವುದು, ಕೊನೆಗೆ ಹೂವಿಗೆ ಅಲೆಯುವುದು. ಎಲ್ಲ ಹೆಣ್ಣು ನೊಣಗಳದ್ದೇ. ಸುಗ್ಗಿಯಲ್ಲಿ ಆರೇಳು ವಾರಕ್ಕೆ ಸವೆದು ಸಾಯುತ್ತವೆ. ಗಂಡು ನೊಣಕ್ಕೆ ಮುಳ್ಳೂ ಇಲ್ಲ, ಗೂಡಿನ ಕೆಲಸವೂ ಇಲ್ಲ. ಅಜ್ಜ ಇದನ್ನು ವಿವರಿಸುವಾಗೆಲ್ಲ ಅಜ್ಜಿ ಜಗುಲಿಯಲ್ಲಿ ಕವಳ ಹಾಕುತ್ತ ಕೂತವರ ಕಡೆ ಒಮ್ಮೆ ನೋಡುತ್ತಿದ್ದಳು.

ಹೂವಿನ ಕಾಲದಲ್ಲಿ ಎರಿಯ ಕೆಳಅಂಚಿಗೆ ಶೇಂಗಾಕಾಯಿಯಂಥ ಗೂಡುಗಳು ಜೋತುಬಿದ್ದರೆ ಅಜ್ಜ ಹೇಳುತ್ತಿದ್ದ, “ಮಗಳು ಹುಟ್ಟುತ್ತು ತಮಾ, ಹಳೇ ರಾಣಿ ಹೊರಟ್ತು.” ಹೊರಡುವುದು ಮುದುಕಿಯೇ! ಕಟ್ಟಿದ ಎರಿ, ಕೂಡಿಟ್ಟ ತುಪ್ಪ, ಮರಿ ಎಲ್ಲವನ್ನೂ ಮಗಳಿಗೆ ಬಿಟ್ಟು, ಜೊತೆಗೆ ಬರುವವರು ಹೊಟ್ಟೆ ತುಂಬ ಕುಡಿದ ತುಪ್ಪವನ್ನಷ್ಟೇ ಬುತ್ತಿ ಮಾಡಿಕೊಂಡು ಹಾರುವುದು. ಹಲಸಿನ ಕೊಂಬೆಗೆ ಗಡ್ಡದಂತೆ ನೇತುಬೀಳುತ್ತಿದ್ದವು. ಜಾಗ ಹುಡುಕಲು ಹೋದವು ಬಂದು ಕುಣಿದು ದಿಕ್ಕು, ದೂರ ಹೇಳುತ್ತಿದ್ದವು. ಜೇನಿನ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ನಮ್ಮ ಅಪ್ಪ, ದೊಡ್ಡಪ್ಪ, ಚಿಕ್ಕಪ್ಪನ ಕುಣಿತಕ್ಕೆ ಕೋರ್ಟಿನ ನೋಟಿಸು ಬಂತು.

ನಮ್ಮ ಪಾಲು ಹಿತ್ತಾಳೆ ಹಂಡೆಯಲ್ಲೇ ಎರಡು ದಿನ ನಿಂತಿತ್ತು. ತೋಟಕ್ಕೆ ಹಗ್ಗ ಹಿಡಿದದ್ದಾಯಿತು, ನಡುಮನೆಗೆ ಹಲಗೆ ಗೋಡೆ ಬಂತು. ಮೂವರಿಗೆ ನಾಲ್ಕು ಪೆಟ್ಟಿಗೆ ಹಂಚುವುದು ಹೇಗೆಂಬ ಲೆಕ್ಕ ಮಾತ್ರ ಬಗೆಹರಿಯಲಿಲ್ಲ. ಅಷ್ಟರಲ್ಲಿ 1991-92ರ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂತು. ದಕ್ಷಿಣದ ತುಡುವೆಯನ್ನೇ ಗುಡಿಸಿಹಾಕಿದ ವೈರಸ್ಸು ಅದು. ಮರಿಹುಳುಗಳು ನೀರು ತುಂಬಿದ ಚೀಲದ ಹಾಗಾಗಿ ಸತ್ತವು. ಅಜ್ಜ ಖಾಲಿ ಪೆಟ್ಟಿಗೆಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸಿದ. ನಾಲ್ಕನೆಯದನ್ನು ಯಾರೂ ಕೇಳಲಿಲ್ಲ.

ಈಗ ಅಟ್ಟದ ಪೆಟ್ಟಿಗೆಗೆ ಗೆದ್ದಲು. ತುಡುವೆ ತಾನಾಗಿ ಬಂದು ಸೇರಿದ್ದು ಆ ಹಲಗೆ ಗೋಡೆಯ ಎರಡು ಪದರದ ನಡುವೆ. ಬಾಗಿಲು ಚಿಕ್ಕಪ್ಪನ ಪಾಲಿಗೆ, ಗುಂಯ್ ಎನ್ನುವುದು ನಮ್ಮ ಪಾಲಿಗೆ. ಹೋದ ಬೇಸಿಗೆಯಲ್ಲಿ ಚಿಕ್ಕಪ್ಪ, ಎಷ್ಟು ವರ್ಷದ ಮೇಲೋ, ನಮ್ಮ ಹೊಸ್ತಿಲು ದಾಟಿ ಬಂದು ಗೋಡೆಗೆ ಕಿವಿಯಿಟ್ಟು ನಿಂತ.

“ಎರಡು ಹಲಗೆ ಕಿತ್ತರೆ ತುಪ್ಪ ಸಿಗ್ತು ತಮಾ.”

“ಕೀಳನ ಚಿಕ್ಕಪ್ಪ, ಅಡ್ಡಿಲ್ಲೆ” ಅಂದೆ.

ಹಲಗೆ ಮುಟ್ಟಿ ನೋಡಿದ. ಮೊಳೆಗಳು ಅವನೇ ಹೊಡೆಸಿದ್ದವು.

“ಈ ವರ್ಷ ಇರ್ಲಿ ಬಿಡು” ಎಂದು ಕೂತು, ಚಾ ಮಾಡಿದರೆ ಸಕ್ಕರೆ ಬೇಡ ಅಂದ.